ಸ್ಟ್ರಿಪ್ಪರಿನ ತಲೆಗೆ ತಣ್ಣನೆಯ ಅಮೀನ್: ಹಬೆ ಉಳಿಸಿದ ನನ್ನ ಅನುಭವ

ಬಾಯ್ಲರಿನ ಹೊಗೆಯಿಂದ ದಿನಕ್ಕೆ ಸುಮಾರು 25 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ನಮ್ಮ ಘಟಕದಲ್ಲಿ ಶೇ. 30ರ ಎಂಇಎ (ಮೊನೊಎಥನಾಲಮೀನ್ ಎಂಬ ಅಮೀನ್) ದ್ರಾವಣವಿದೆ. ಅದು ಅಬ್ಸಾರ್ಬರ್ ಎಂಬ ಕಾಲಮ್ಮಿನಲ್ಲಿ ಅನಿಲವನ್ನು ಹೀರುತ್ತದೆ; ಸ್ಟ್ರಿಪ್ಪರ್ ಎಂಬ ಇನ್ನೊಂದು ಕಾಲಮ್ಮಿನಲ್ಲಿ ಹಬೆಯಿಂದ ಕಾಯಿಸಿ ಆ ಅನಿಲವನ್ನು ಬಿಡಿಸುತ್ತೇವೆ. ಹಿಡಿದ ಪ್ರತಿ ಟನ್ನಿಗೆ 1.9 ಟನ್ನಿನಷ್ಟು ಹಬೆ ಖರ್ಚಾಗುತ್ತಿತ್ತು. ಈಗ ಅದು 1.55ರ ಆಸುಪಾಸಿಗೆ ಇಳಿದಿದೆ. ಇದಕ್ಕಾಗಿ ದ್ರಾವಣವನ್ನಾಗಲಿ ಕಾಲಮ್ಮನ್ನಾಗಲಿ ಬದಲಿಸಲಿಲ್ಲ. ಅಬ್ಸಾರ್ಬರಿನಿಂದ ಬರುವ ರಿಚ್ (ಅನಿಲ ತುಂಬಿಕೊಂಡ) ಅಮೀನಿನ ಒಂದು ಪಾಲನ್ನು, ಸ್ಟ್ರಿಪ್ಪರಿನಿಂದ ಮರಳುವ ಬಿಸಿ ದ್ರಾವಣದಿಂದ ಅದನ್ನು ಕಾಯಿಸುವ ಎಕ್ಸ್‌ಚೇಂಜರಿಗೆ ಕಳಿಸದೆ, ತಣ್ಣಗಿರುವಂತೆಯೇ ಸ್ಟ್ರಿಪ್ಪರಿನ ತಲೆಗೆ ಬಿಟ್ಟೆ.

ಕಾಯಿಸಬೇಕಾದ ಕಾಲಮ್ಮಿಗೆ ತಣ್ಣನೆಯ ದ್ರವ ಸುರಿದರೆ ಹಬೆ ಇನ್ನಷ್ಟು ಬೇಕಾದೀತೇ ಹೊರತು ಉಳಿಯಲಾರದೆಂದು ಹಿರಿಯರು ಆಗಲೇ ಎಚ್ಚರಿಸಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು. ಆಸೆಯಿಂದ ಶೇ. 20ರಷ್ಟನ್ನು ಹೀಗೆ ಬೈಪಾಸ್ ಮಾಡಿದಾಗ, ಸ್ಟ್ರಿಪ್ಪರಿನ ಬುಡದಲ್ಲಿ ದ್ರಾವಣ ಕಾಯಿಸುವ ರೀಬಾಯ್ಲರಿನ ಹಬೆ ಏರಿತು, ಅನಿಲ ಬಿಟ್ಟುಕೊಟ್ಟ (ಲೀನ್) ದ್ರಾವಣವನ್ನು ತಣಿಸುವ ಲೀನ್ ಕೂಲರಿನ ಮೇಲೂ ಹೊರೆ ಬಿತ್ತು. ಉಳಿದ ರಿಚ್ ದ್ರಾವಣ ಹೆಚ್ಚು ಬಿಸಿಯಾಗಿ ಒಳಬಂದರೆ ಮಾತ್ರ ಈ ಲೆಕ್ಕ ಕೂಡುತ್ತದೆ; ನಮ್ಮ ಪ್ಲೇಟ್ ಎಕ್ಸ್‌ಚೇಂಜರಿಗೆ ಆ ಶಕ್ತಿಯೇ ಉಳಿದಿರಲಿಲ್ಲ. ಬಿಚ್ಚಿ ನೋಡಿದರೆ ಕೆಟ್ಟ ಅಮೀನ್ ಮತ್ತು ತುಕ್ಕು ಸೇರಿ ಪ್ಲೇಟುಗಳ ಮೇಲೆ ಡಾಂಬರಿನಂಥ ಕಪ್ಪು ಪದರ ಕಟ್ಟಿತ್ತು. ಪೂರೈಕೆದಾರರು ಕಳಿಸಿದ ಗ್ಯಾಸ್ಕೆಟ್ಟುಗಳು ಅಳತೆಗೆ ಕೂಡದೆ ಹತ್ತು ಹನ್ನೊಂದು ದಿನ ಕೆಲಸ ನಿಂತುಹೋಯಿತು. ಕಡೆಗೆ ಪ್ಲೇಟುಗಳನ್ನು ತೊಳೆದು, ಸುಮಾರು 40 ಹೊಸ ಪ್ಲೇಟು ಸೇರಿಸಿದ ಮೇಲೆ ಅದರ ಬಿಸಿ ತುದಿಯಲ್ಲಿ ಎರಡೂ ದ್ರಾವಣಗಳ ಉಷ್ಣಾಂಶದ ಅಂತರ 14 ಡಿಗ್ರಿಯಿಂದ 6ಕ್ಕೆ ಬಂತು.

ಆ ಬಳಿಕ ಶೇ. 8ರಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತ ಹೋದೆ. ಕಂಡೆನ್ಸರಿಗೆ (ಆವಿಯನ್ನು ತಣಿಸಿ ನೀರಾಗಿಸುವ ಸಾಧನ) ಹೋಗಿ ವ್ಯರ್ಥವಾಗುತ್ತಿದ್ದ ಆವಿಯನ್ನು ಈ ತಣ್ಣನೆಯ ಧಾರೆ ಮೇಲೆಯೇ ತಡೆದು, ತಾನು ಬಿಸಿಯಾಗಿ ಕೆಳಗಿಳಿಯತೊಡಗಿತು. ಸ್ಟ್ರಿಪ್ಪರಿನ ತಲೆಯ ಉಷ್ಣಾಂಶ 99ರಿಂದ 86ಕ್ಕೆ ಇಳಿಯಿತು. ಕಂಡೆನ್ಸರಿನಿಂದ ಮರಳುವ ನೀರಿನ ಪೈಪನ್ನು ಮೊದಲು ಮುಟ್ಟಿದರೆ ಕೈ ಹಿಂದೆಗೆಯಬೇಕಾಗುತ್ತಿತ್ತು. ಅಂದು ಅಂಗೈ ಊರಿ ನಿಲ್ಲಬಹುದಾಗಿತ್ತು. ಅನುಮಾನಿಸಿದ್ದವರನ್ನೇ ಕರೆದು ಆ ಪೈಪು ಮುಟ್ಟಿಸಿದೆ.

ಪ್ಲೇಟು, ಪೈಪು, ಕಂಟ್ರೋಲ್ ವಾಲ್ವ್ ಎಲ್ಲ ಸೇರಿ ಹನ್ನೆರಡು ಲಕ್ಷದಷ್ಟು ಖರ್ಚಾಯಿತು. ಟನ್ ಹಬೆಗೆ 1,800 ರೂಪಾಯಿ ಹಿಡಿದರೂ ದಿನಕ್ಕೆ ಹದಿನೈದು ಸಾವಿರದ ಮೇಲೆ ಉಳಿಯುವುದರಿಂದ, ಹಾಕಿದ ಹಣ ಎರಡೂವರೆ ತಿಂಗಳಲ್ಲಿ ಮರಳಿತು.

ನಡುವೆ ಸ್ಟ್ರಿಪ್ಪರಿನ ಒತ್ತಡವನ್ನೂ ತುಸು ಏರಿಸಿ ನೋಡಿದೆ. ಹಬೆಯೇನೋ ಇನ್ನೊಂದಿಷ್ಟು ಉಳಿಯಿತು, ಆದರೆ ರೀಬಾಯ್ಲರ್ 120 ದಾಟಿ 124 ಡಿಗ್ರಿಗೆ ಹೋಗಿ, ಮೂರೇ ವಾರದಲ್ಲಿ ದ್ರಾವಣ ಕಡು ಚಹಾದ ಬಣ್ಣಕ್ಕೆ ತಿರುಗಿತು. ಹೊಸ ಅಮೀನಿನ ಬಿಲ್ಲು ಆ ಉಳಿತಾಯವನ್ನು ನುಂಗಿದ್ದರಿಂದ ಹಳೆಯ ಒತ್ತಡಕ್ಕೇ ಮರಳಿದೆ.

ತಣ್ಣನೆಯ ಧಾರೆಗೂ ಬಿಸಿ ಧಾರೆಗೂ ನಡುವೆ ಪ್ಯಾಕಿಂಗ್ (ಆವಿಯೂ ದ್ರವವೂ ಚೆನ್ನಾಗಿ ಸೋಕಲೆಂದು ಕಾಲಮ್ಮಿನೊಳಗೆ ತುಂಬುವ ಪದರ) ಇರಲೇಬೇಕು. ಎಷ್ಟು ಆಳ, ದ್ರವವನ್ನು ಸಮನಾಗಿ ಹಂಚುವ ಡಿಸ್ಟ್ರಿಬ್ಯೂಟರಿನ ರಂಧ್ರಗಳ ಜೋಡಣೆ ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೈಪಾಸ್ ವಾಲ್ವನ್ನು ಮಾತ್ರ ಹರಿವಿನ ಅನುಪಾತಕ್ಕೆ ಕಟ್ಟದೆ ತಲೆಯ ಉಷ್ಣಾಂಶಕ್ಕೆ ಕಟ್ಟಿ. ಚಳಿಗಾಲದಲ್ಲಿ ರಿಚ್ ದ್ರಾವಣ 44 ಡಿಗ್ರಿಯಲ್ಲಿ ಬಂದರೆ ಏಪ್ರಿಲ್‌ನಲ್ಲಿ 52 ಇರುತ್ತದೆ, ಶೇ. 9ರಲ್ಲಿ ಸಾಗುತ್ತಿದ್ದ ಬೈಪಾಸ್ ಆಗ ತಾನಾಗಿಯೇ 11ಕ್ಕೆ ಏರುತ್ತದೆ.