ಮೂರು ಸಲ ಏರ್ ತೆಗೆದರೂ ಮೆತ್ತಗೇ ಇದ್ದ ಬ್ರೇಕ್

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಷ್ಟನೆಯದರಲ್ಲಿ ಬ್ರೇಕ್ ಕೈಕೊಟ್ಟಿತೆಂದು ಈಗ ನೆನಪಿಲ್ಲ. ಸೋಮೇಶ್ವರದ ಕಡೆಗೆ ಇಳಿಯುತ್ತಿದ್ದೆ, ಎದುರಿನಿಂದ ಮಿನಿ ಬಸ್ಸೊಂದು ಏರಿ ಬರುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದು ನನ್ನ ಬೆರಳುಗಳನ್ನೇ ಅದುಮಿತು. ಕಳಿತ ಬಾಳೆಹಣ್ಣನ್ನು ಹಿಸುಕಿದ ಹಾಗಿತ್ತು. ಎರಡು ಮೂರು ಸಲ ಪಂಪ್ ಮಾಡಿ, ಹಿಂದಿನ ಡ್ರಮ್ ಬ್ರೇಕನ್ನೂ ಗೇರನ್ನೂ ನಂಬಿ, ಹೇಗೋ ಬದಿಗೆ ತಂದು ನಿಲ್ಲಿಸಿದೆ. ಅರ್ಧ ಗಂಟೆ ಮಂಗಗಳನ್ನು ನೋಡುತ್ತಾ ಕುಳಿತೆ. ಡಿಸ್ಕ್ ತಣ್ಣಗಾದ ಮೇಲೆ ಲಿವರ್‌ಗೆ ಸ್ವಲ್ಪ ಜೀವ ಬಂತು. ಉಳಿದ ಘಾಟಿಯನ್ನು ಮೊದಲನೇ ಗೇರಿನಲ್ಲಿ ಇಳಿದೆ.

ಗಾಡಿ 2005ರ ಹೀರೋ ಹೋಂಡಾ ಕರಿಜ್ಮಾ. ಭಾವ ಊರು ಬಿಡುವಾಗ ನನಗೆ ಕೊಟ್ಟುಹೋದದ್ದು. ಅದರ 223 ಸಿಸಿ ಎಂಜಿನ್ನಿಗೆ ಆಯಿಲ್ ಬದಲಿಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ನಾನು, ಬ್ರೇಕಿನ ಕಡೆ ತಿರುಗಿಯೂ ನೋಡಿರಲಿಲ್ಲ. ತೀರ್ಥಹಳ್ಳಿಗೆ ಮರಳಿದ ಮರುದಿನ ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನ, ಅಂದರೆ ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ಕೆಳಕ್ಕೆ ತಳ್ಳುವ ಭಾಗದ, ಮುಚ್ಚಳ ತೆಗೆದು ನೋಡಿದರೆ, ಒಳಗೆ ಜೋನಿ ಬೆಲ್ಲ! ತಿಳಿ ಹಳದಿ ಇರಬೇಕಾದ ಬ್ರೇಕ್ ಆಯಿಲ್ ಕಂದಾಗಿ, ತಳದಲ್ಲಿ ಕಪ್ಪು ಚರಟ ಕಟ್ಟಿಕೊಂಡಿತ್ತು.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿರುವ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಎಷ್ಟೋ ಮಳೆಗಾಲ ಕಳೆದ ಆಯಿಲ್ ಎಷ್ಟು ನೀರು ಕುಡಿದಿತ್ತೋ! ಘಾಟಿಯಲ್ಲಿ ಡಿಸ್ಕ್ ಕಾದು, ಅದನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರಿನೊಳಗೆ ಆ ನೀರು ಆವಿಯಾಗಿತ್ತು. ದ್ರವವನ್ನು ಅದುಮಲಾಗದು, ಆವಿಯನ್ನು ಎಷ್ಟು ಬೇಕಾದರೂ ಅದುಮಬಹುದು. ನಾನು ಅದುಮಿದ್ದು ಅದನ್ನೇ.

ಕಾರಣ ಸಿಕ್ಕಿತೆಂದು ಉಬ್ಬಿಹೋದೆ. ಮುಚ್ಚಿದ ಡಾಟ್ 4 ಬಾಟಲಿ ತಂದೆ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿದೆ, ಏಕೆಂದರೆ ಈ ದ್ರವ ಬಿದ್ದಲ್ಲಿ ಬಣ್ಣ ಎದ್ದುಬರುತ್ತದೆ. ಚೆಲ್ಲಿದರೆ ಒರೆಸುವುದಕ್ಕಿಂತ ನೀರು ಸುರಿದು ತೊಳೆಯುವುದೇ ಸರಿ. ಎಂಟರ ಸ್ಪ್ಯಾನರು, ಪಾರದರ್ಶಕ ಕೊಳವೆ, ಒಂದು ಹಳೆಯ ಬಾಟಲಿ. ಹಳೆಯ ಆಯಿಲಿನ ಜೊತೆ ಒಳಗಿನ ಗಾಳಿಯನ್ನೂ ಹೊರಹಾಕುವ ಈ ಕೆಲಸಕ್ಕೇ ಏರ್ ತೆಗೆಯುವುದು ಎನ್ನುತ್ತಾರೆ. ಲಿವರ್ ಹಿಡಿಯುವುದು, ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡುವ ಪುಟ್ಟ ತಿರುಪಾದ ನಿಪ್ಪಲ್ ಸಡಿಲಿಸುವುದು, ನಿಪ್ಪಲ್ ಮುಚ್ಚಿದ ಮೇಲೆಯೇ ಲಿವರ್ ಬಿಡುವುದು. ಕೊಳವೆಯಲ್ಲಿ ಬಿಳಿ ಗುಳ್ಳೆಗಳು ನಿಂತು ತಿಳಿ ದ್ರವ ಬರುವ ತನಕ ಹೀಗೇ. ಲಿವರ್ ಮೊದಲಿಗಿಂತ ವಾಸಿಯಾಯಿತು, ಆದರೂ ಮೆತ್ತಗೇ ಇತ್ತು. ಇನ್ನೂ ಏರ್ ಉಳಿದಿರಬೇಕೆಂದು ಮಾರನೆಯ ದಿನ ಮತ್ತೆ ತೆಗೆದೆ. ಮೂರನೆಯ ಸಲ ಸಿರಿಂಜಿನಿಂದ ಕೆಳಗಿನ ನಿಪ್ಪಲ್ ಮೂಲಕ ಆಯಿಲನ್ನು ಮೇಲಕ್ಕೆ ತಳ್ಳಿದೆ. ಗಾಳಿ ಹೇಗಿದ್ದರೂ ಮೇಲಕ್ಕೇ ಹೋಗಲು ಬಯಸುತ್ತದೆ, ಹಾಗಾಗಿ ಈ ವಿಧಾನ ಚೆನ್ನ. ಕ್ಯಾಲಿಪರಿನೊಳಗಿನ ಕೊಳೆ ಮೇಲಕ್ಕೆ ಹೋಗದಂತೆ ಮೊದಲು ಹಳೆಯ ಆಯಿಲನ್ನೆಲ್ಲ ಕೆಳಗಿನಿಂದ ತೆಗೆದಿರಬೇಕು ಅಷ್ಟೆ. ಒಂದೇ ಒಂದು ಗುಳ್ಳೆ ಬರಲಿಲ್ಲ. ಲಿವರ್ ಮಾತ್ರ ಸ್ಪಂಜಿನ ಹಾಗೆಯೇ ಇತ್ತು.

ಪೇಟೆಯ ಗ್ಯಾರೇಜಿನವನು ಲಿವರ್ ಹಿಡಿದು ನೋಡಿ, "ಏರ್ ಇದೆ ಸಾರ್, ಬಿಟ್ಟುಹೋಗಿ, ತೆಗೆದುಕೊಡುತ್ತೇನೆ" ಎಂದ. ಬಿಟ್ಟುಹೋಗಲಿಲ್ಲ. ಇಷ್ಟಾದ ಮೇಲೆ ನನಗೂ ಹಟ ಬಂದಿತ್ತು.

ಬ್ರೇಕನ್ನು ಇಡಿಯಾಗಿ ನೋಡುವುದನ್ನು ಬಿಟ್ಟು ತುಂಡು ತುಂಡಾಗಿ ಪರೀಕ್ಷಿಸಲು ಹೊರಟದ್ದು ಆಮೇಲೆ. ಮಾಸ್ಟರ್ ಸಿಲಿಂಡರಿನಿಂದ ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಬಿಚ್ಚಿ, ಆ ತೂತಿಗೆ ಅದೇ ಥ್ರೆಡ್ಡಿನ ಸಾದಾ ಬೋಲ್ಟನ್ನು ತಾಮ್ರದ ವಾಷರ್ ಸಮೇತ ಬಿಗಿದು, ಅಲ್ಲಿನ ಗಾಳಿ ಹೊರಡಿಸಿ ಲಿವರ್ ಹಿಡಿದೆ. ಕಲ್ಲು! ಒಂದು ನಿಮಿಷ ಹಾಗೆಯೇ ಹಿಡಿದಿದ್ದರೂ ಕೂದಲೆಳೆಯಷ್ಟೂ ಕುಸಿಯಲಿಲ್ಲ. ಒಳಗಿನ ಸೀಲ್ ಹೋಗಿದ್ದರೆ ಲಿವರ್ ನಿಧಾನವಾಗಿ ಜಾರುತ್ತಾ ಹ್ಯಾಂಡಲ್ ಸೇರುತ್ತಿತ್ತು. ಅಂದರೆ ಮಾಸ್ಟರ್ ಸಿಲಿಂಡರ್ ಗಟ್ಟಿಯಿದೆ, ರೋಗ ಅದರಿಂದ ಕೆಳಗಿದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಒಂದೂವರೆ ಬಾಟಲಿ ಆಯಿಲ್ ಉಳಿಯುತ್ತಿತ್ತು.

ಹೋಸನ್ನು ಮತ್ತೆ ಜೋಡಿಸಿ, ಆಯಿಲ್ ತುಂಬಿ ಏರ್ ತೆಗೆದು, ಮುಷ್ಟಿಯಲ್ಲಿ ಹಿಡಿದುಕೊಂಡು ಮಗಳಿಗೆ ಲಿವರ್ ಒತ್ತಲು ಹೇಳಿದೆ. ಕೈಯೊಳಗೆ ಕಪ್ಪೆ ಉಸಿರಾಡಿದಂತೆ ಹೋಸ್ ಉಬ್ಬಿತು. ಕೆಳಗಿನ ಬಾಗಿನಲ್ಲಿ ಮೇಲ್ಪದರ ಬಿರುಕು ಬಿಟ್ಟಿತ್ತು. ರಬ್ಬರಿಗೂ ಮುಪ್ಪು ಬರುತ್ತದೆ. ಶಿವಮೊಗ್ಗದಿಂದ ಹೊಸ ಹೋಸನ್ನೂ ವಾಷರುಗಳನ್ನೂ ತಂದು ಹಾಕಿದೆ. ಹಳೆಯ ವಾಷರುಗಳನ್ನು ತಿರುಗಿಸಿ ಹಾಕುವವರಿದ್ದಾರೆ. ಬ್ರೇಕಿನಲ್ಲಿ ಆ ಜಿಪುಣತನ ನನಗೆ ಒಪ್ಪಿಗೆಯಿಲ್ಲ.

ಅರ್ಧ ಗುಣವಾಯಿತು. ಆದರೆ ಈಗ ಉಳಿದ ಮೆತುವಿನ ಸ್ವಭಾವವೇ ಬೇರೆ. ಗಾಳಿಯ ಹಾಗೆ ಪೊಳ್ಳಾಗಿರಲಿಲ್ಲ, ಸ್ಪ್ರಿಂಗಿನ ಹಾಗೆ ಬೆರಳನ್ನು ವಾಪಸ್ ತಳ್ಳುತ್ತಿತ್ತು. ಮಗಳು ಲಿವರ್ ಒತ್ತಿ ಬಿಟ್ಟು ಆಡುತ್ತಿದ್ದವಳು ಬಗ್ಗಿ ನೋಡಿ, "ಅಪ್ಪಾ, ಈ ತಟ್ಟೆ ಯಾಕೆ ಬಾಗುತ್ತಿದೆ?" ಎಂದಳು. ನಾನು ನಂಬಲಿಲ್ಲ. ಟಾರ್ಚ್ ಹಿಡಿದು ಚಕ್ರದ ಮುಂದೆ ಮಂಡಿಯೂರಿ, ಡಿಸ್ಕಿನ ಅಂಚಿಗೆ ನೇರವಾಗಿ ಕಣ್ಣಿಟ್ಟೆ. ಹೌದು, ಪ್ರತಿ ಸಲ ಒತ್ತಿದಾಗಲೂ ಡಿಸ್ಕ್ ಒಂದು ಬದಿಗೆ ವಾಲುತ್ತಿತ್ತು, ಬಿಟ್ಟಾಗ ಸೆಟೆದು ನಿಲ್ಲುತ್ತಿತ್ತು.

ಈ ಗಾಡಿಯ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಬದಿಗೆ. ಪಿಸ್ಟನ್ ಒಂದು ಪ್ಯಾಡನ್ನು ಡಿಸ್ಕಿಗೆ ಒತ್ತಿದೊಡನೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಆಚೆ ಬದಿಯ ಪ್ಯಾಡನ್ನೂ ಎಳೆದು ತರಬೇಕು. ಜಾರದೇ ಹೋದರೆ? ಪಿಸ್ಟನ್ ಡಿಸ್ಕನ್ನೇ ತಳ್ಳಿಕೊಂಡು ಹೋಗಿ ಆಚೆಯ ಪ್ಯಾಡಿಗೆ ಮುಟ್ಟಿಸುತ್ತದೆ. ನನ್ನ ಬೆರಳಿನ ಬಲದ ಒಂದು ಪಾಲು ಗಾಡಿಯನ್ನು ನಿಲ್ಲಿಸುವ ಬದಲು ಉಕ್ಕಿನ ತಟ್ಟೆಯನ್ನು ಬಗ್ಗಿಸಲು ಖರ್ಚಾಗುತ್ತಿತ್ತು. ಅದಕ್ಕೆ ಯಾವ ಏರ್ ತೆಗೆದರೇನು?

ಕ್ಯಾಲಿಪರ್ ಬಿಚ್ಚಿದೆ. ಪಿಸ್ಟನ್ ಬದಿಯ ಪ್ಯಾಡ್ ಲೋಹದ ತನಕ ಸವೆಯಲು ಕಾಗದದಷ್ಟು ಬಾಕಿ, ಆಚೆಯದು ಇನ್ನೂ ಅರ್ಧ ಉಳಿದಿತ್ತು. ಎರಡೂ ಬೆಣೆಯ ಹಾಗೆ ಓರೆಯಾಗಿ ಸವೆದಿದ್ದವು. ಒಂದು ಪಿನ್ ಸಲೀಸಾಗಿ ಬಂತು, ಇನ್ನೊಂದು ತುಕ್ಕು ತೆಗೆಯುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ತಿರುಚಿ ತಿರುಚಿ ಎಳೆದ ಮೇಲೆ ಬಂತು. ಮೇಲೆಲ್ಲ ಅಂಟಿನಂತಾದ ಹಳದಿ ಗ್ರೀಸ್. ಬೇರಿಂಗಿಗೆ ಹಚ್ಚುವ ಮಾಮೂಲಿ ಗ್ರೀಸು ಅದು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಪಿನ್ನಿನ ರಬ್ಬರ್ ಟೋಪಿ ಊದಿ ಪಿನ್ನನ್ನು ಕಚ್ಚಿ ಹಿಡಿದಿತ್ತು. ಹಚ್ಚಿದವರು ಯಾರೋ ಒಳ್ಳೆಯದಾಗಲೆಂದೇ ಹಚ್ಚಿರಬೇಕು. ಅದು ನಾನೇ ಆಗಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾರೆ.

ತುಕ್ಕು ಕೊರೆದ ಪಿನ್ನನ್ನು ಎಸೆದು ಹೊಸದು ಹಾಕಿದೆ, ಇನ್ನೊಂದನ್ನು ಉಜ್ಜಿ ಹೊಳಪು ಮಾಡಿದೆ. ಹೊಸ ರಬ್ಬರ್ ಕಿಟ್, ತೆಳುವಾಗಿ ಸಿಲಿಕೋನ್ ಗ್ರೀಸ್. ಈಗ ಕ್ಯಾಲಿಪರ್ ಎರಡು ಬೆರಳಿನಲ್ಲಿ ಜಾರಾಡುತ್ತಿತ್ತು. ಪಿಸ್ಟನ್ನನ್ನು ಒಳಗೆ ತಳ್ಳುವ ಮೊದಲು ಸ್ವಲ್ಪವೇ ಹೊರಗೆ ಬರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬ್ರೇಕ್ ಆಯಿಲ್ ಹಚ್ಚಿ ತೊಳೆದೆ. ಕೊಳೆಯ ಸಮೇತ ತಳ್ಳಿದರೆ ಅದು ನೇರ ಸೀಲಿನ ಮೇಲೆ ಹೋಗಿ ಕೂರುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯ ಆಯಿಲ್ ಉಕ್ಕುತ್ತದೆಂದು ಮೊದಲೇ ಸ್ವಲ್ಪ ತೆಗೆದಿದ್ದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೊರೆದಿರುತ್ತಾರೆ. ಅಳೆದರೆ ಅದಕ್ಕಿಂತ ಹೆಚ್ಚೇ ಇತ್ತು. ಹೊಸ ಪ್ಯಾಡ್ ಹಾಕಿ, ಬೋಲ್ಟುಗಳನ್ನು ಸರ್ವಿಸ್ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದೆ.

ಕೊನೆಗೆ ಮತ್ತೊಂದು ಸಲ ಏರ್ ತೆಗೆದೆ. ಹೋಸ್ ಬದಲಿಸಿದಾಗಲೇ ಒಂದಿಷ್ಟು ಗಾಳಿ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ, ಹೋಸನ್ನು ಅದಕ್ಕೆ ಬಿಗಿಯುವ ಬ್ಯಾಂಜೋ ಬೋಲ್ಟಿನ ಹತ್ತಿರ ಅಡಗಿಕೊಂಡಿತ್ತು. ಅಲ್ಲಿಂದ ಕೆಳಗಿನ ನಿಪ್ಪಲ್‌ವರೆಗೆ ಇಳಿಯುವ ಮನಸ್ಸು ಅದಕ್ಕಿರಲಿಲ್ಲ. ಬೋಲ್ಟಿಗೆ ಬಟ್ಟೆ ಸುತ್ತಿ, ಮಗಳು ಲಿವರ್ ಹಿಡಿದಿರುವಾಗ ಕಾಲು ಸುತ್ತು ಸಡಿಲಿಸಿ ತಕ್ಷಣ ಬಿಗಿದೆ. ಚಿಟ್ ಎಂದು ನೊರೆ ಬಂತು. ಎರಡನೆಯ ಸಲ ಬರೀ ಆಯಿಲ್. ಲಿವರನ್ನು ಹ್ಯಾಂಡಲ್‌ಗೆ ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಬಿಚ್ಚಿ ಹಿಡಿದರೆ, ಲಿವರ್ ಹ್ಯಾಂಡಲ್‌ನಿಂದ ಎರಡು ಬೆರಳು ದೂರದಲ್ಲೇ ಗೋಡೆಗೆ ತಾಗಿದಂತೆ ನಿಂತಿತು. ಚಕ್ರವನ್ನು ಕೈಯಿಂದ ತಿರುಗಿಸಿ, ಎಲ್ಲಿಯೂ ಕಚ್ಚುತ್ತಿಲ್ಲವೆಂದು ನೋಡಿದ ಮೇಲೆಯೇ ಗಾಡಿ ಹತ್ತಿದೆ.

ಮೊದಲ ಒಂದೆರಡು ದಿನ ಹೊಸ ಪ್ಯಾಡ್ ಕೂರಲೆಂದು ಕುರುವಳ್ಳಿ ಸೇತುವೆಯ ಆಚೆ ಈಚೆ ಮೆಲ್ಲಗೆ ಬ್ರೇಕ್ ಹಾಕುತ್ತಾ ಓಡಿಸಿದೆ. ಲಿವರಿನ ಕೀಲು ಬೋಲ್ಟ್ ಸವೆದು ಸ್ವಲ್ಪ ಅಲುಗುತ್ತದೆ, ಅದನ್ನು ಇನ್ನೂ ಬದಲಿಸಿಲ್ಲ. ಅಂಗಡಿಯವರು ಮುಂದಿನ ವಾರ ಬರುತ್ತದೆ ಎಂದಿದ್ದಾರೆ.