ಕಾವು ಪೆಟ್ಟಿಗೆಯಲ್ಲಿ ಜವಾರಿ ಮರಿ: ತತ್ತಿ ತೂಗಿ ನೀರು ಹಾಕಿ

ಜವಾರಿ ಹೇಂಟೆ ಕಾವು ಕೂತರೆ ಹತ್ತು ಹನ್ನೆರಡು ತತ್ತಿಗೆ ಮರಿ ಮಾಡುತ್ತದೆ, ಯಾರ ಪಾಠವೂ ಅದಕ್ಕೆ ಬೇಕಿಲ್ಲ. ಆದರೆ ಕಾವು ಕೂತು, ಮರಿ ಬೆಳೆಸಿ ಮುಗಿಸುವ ತನಕ ಅದು ಮತ್ತೆ ತತ್ತಿ ಇಡುವುದಿಲ್ಲ. ಅದಕ್ಕೇ ಐವತ್ತು, ನೂರು ತತ್ತಿಯ ಇನ್‌ಕ್ಯುಬೇಟರ್ ಕೊಳ್ಳುವುದು. ಕೊಂಡವರು ಬಿಸಿಯನ್ನು ಅಂಕಿಯಲ್ಲಿ ನೋಡಿಕೊಳ್ಳುತ್ತಾರೆ, ನೀರನ್ನು ಮಾತ್ರ ಅಂದಾಜಿಗೆ ಬಿಡುತ್ತಾರೆ. ಕೆಡುವುದು ಅಲ್ಲಿಯೇ.

ಮೊದಲು ತತ್ತಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುವ ಹಿಂಡಿನದೇ ಬೇಕು. ಅಂಗಡಿಯ ಫಾರಂ ತತ್ತಿಗೆ ಎಷ್ಟು ಕಾವು ಕೊಟ್ಟರೂ ವ್ಯರ್ಥ, ಅಲ್ಲಿ ಹುಂಜವೇ ಇರುವುದಿಲ್ಲ. ಇಟ್ಟು 7 ದಿನ ದಾಟಿರಬಾರದು. ಚೂಪು ತುದಿ ಕೆಳಗೆ ಮಾಡಿ ಮನೆಯ ತಂಪು ಮೂಲೆಯಲ್ಲಿ ಇಡಿ, ಫ್ರಿಜ್ ಬೇಡ. ಹಿಕ್ಕೆ ಮೆತ್ತಿದ ತತ್ತಿಯನ್ನು ತೊಳೆಯುವುದಕ್ಕಿಂತ ಸಾರಿಗೆ ಹಾಕುವುದು ಮೇಲು. ತೊಳೆದರೆ ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ ರೋಗಾಣುಗಳಿಗೆ ಬಾಗಿಲು ತೆರೆದಂತೆ.

ಪೆಟ್ಟಿಗೆಯನ್ನು ಒಂದು ದಿನ ಖಾಲಿ ಓಡಿಸಿ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ನಿಂತ ಮೇಲೆಯೇ ತತ್ತಿ ಜೋಡಿಸಿ.

ಇನ್ನು ನೀರು. ತತ್ತಿಯೊಳಗಿನ ತೇವ ಚಿಪ್ಪಿನ ರಂಧ್ರಗಳಿಂದ ಆವಿಯಾಗುತ್ತಲೇ ಇರುತ್ತದೆ. ಹಾಗೆ ಆರುತ್ತಾ ಹೋದಂತೆ ದಪ್ಪ ತುದಿಯಲ್ಲಿ ಗಾಳಿಯ ಗೂಡು ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಅದರಿಂದಲೇ. ತೇವ ಹೆಚ್ಚಾಗಿ ಗೂಡು ಸಣ್ಣದಾದರೆ ಮರಿ ಉಸಿರುಕಟ್ಟಿ ಸಾಯುತ್ತದೆ. ತೇವ ಕಡಿಮೆಯಾದರೆ ಒಳಪೊರೆ ಒಣಗಿ ಮೈಗೆ ಅಂಟಿಕೊಳ್ಳುತ್ತದೆ, ತಿರುಗಲು ಬಿಡುವುದಿಲ್ಲ. ಪುಸ್ತಕದಲ್ಲಿ ಬರೆದಿರುವುದು ಮೊದಲ 18 ದಿನ ಶೇ 50ರಿಂದ 55ರ ತೇವಾಂಶ. ಆದರೆ ಏಪ್ರಿಲ್‌ನಲ್ಲಿ ರೋಣ, ನರಗುಂದದ ಒಣಗಾಳಿಯೂ ಜುಲೈನಲ್ಲಿ ಹಾನಗಲ್ಲಿನ ಜಿಟಿಜಿಟಿ ಮಳೆಯೂ ಒಂದೇ ಅಲ್ಲ. ಅಗ್ಗದ ತೇವಾಂಶ ಮಾಪಕಗಳನ್ನು ನಾನಂತೂ ನಂಬುವುದಿಲ್ಲ. ತಕ್ಕಡಿಯನ್ನು ನಂಬುತ್ತೇನೆ.

ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಐದು ತತ್ತಿಗಳ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ, ಮೊದಲ ದಿನವೇ ತೂಗಿ ಬರೆದಿಡಿ. 18ನೆಯ ದಿನಕ್ಕೆ ತೂಕ ಸುಮಾರು ಶೇ 12ರಷ್ಟು ಇಳಿದಿರಬೇಕು. 50 ಗ್ರಾಂ ತತ್ತಿ 9ನೆಯ ದಿನ 47ಕ್ಕೆ, 18ನೆಯ ದಿನ 44ಕ್ಕೆ ಬಂದರೆ ಸರಿ. 9ನೆಯ ದಿನವೇ 45ಕ್ಕೆ ಇಳಿದಿದ್ದರೆ ಒಣಗುತ್ತಿದೆ ಎಂದರ್ಥ, ಇನ್ನೊಂದು ತಟ್ಟೆ ನೀರು ಇಡಿ. 49ರಲ್ಲೇ ನಿಂತಿದ್ದರೆ ತಟ್ಟೆ ತೆಗೆದುಬಿಡಿ. ತಟ್ಟೆ ಅಗಲವಾಗಿರಲಿ. ತೇವ ಹೆಚ್ಚುವುದು ನೀರಿನ ಆಳದಿಂದಲ್ಲ, ಹರವಿನಿಂದ.

ತಾನಾಗಿ ತಿರುಗಿಸದ ಪೆಟ್ಟಿಗೆಯಾದರೆ ದಿನಕ್ಕೆ 3 ಅಥವಾ 5 ಸಲ ಕೈಯಿಂದ ಹೊರಳಿಸಿ. ಬೆಸ ಸಂಖ್ಯೆಯಾದರೆ ದೀರ್ಘ ರಾತ್ರಿಯಲ್ಲಿ ದಿನವೂ ಒಂದೇ ಮಗ್ಗುಲು ಬೀಳುವುದಿಲ್ಲ. 7ನೆಯ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚಿನ ಮೇಲಿಟ್ಟು ನೋಡಿ. ಜೇಡರ ಬಲೆಯಂತೆ ಕೆಂಪು ನರ ಹಬ್ಬಿದ್ದರೆ ಜೀವವಿದೆ. ಏನೂ ಕಾಣದಿದ್ದರೆ ಬರಡು. ರಕ್ತದ ಉಂಗುರ ಕಂಡರೆ ಸತ್ತಿದೆ. ಈ ಎರಡನ್ನೂ ಹೊರಗೆ ಹಾಕಿ, ಕೊಳೆತದ್ದು ಒಡೆದರೆ ಪೆಟ್ಟಿಗೆಯೆಲ್ಲ ಹಾಳು.

ಕರೆಂಟು ಹೋದರೆ ಗಾಬರಿ ಬೇಡ. ಭ್ರೂಣ ಒಂದೆರಡು ಗಂಟೆಯ ತಂಪನ್ನು ತಡೆದೀತು, 40 ದಾಟಿದ ಬಿಸಿಯನ್ನು ತಡೆಯದು. ಮೊದಲ ವಾರವಾದರೆ ಕಂಬಳಿ ಹೊದಿಸಿ. ಕೊನೆಯ ವಾರದಲ್ಲಿ ಮರಿಗಳೇ ಶಾಖ ಬಿಡುತ್ತವೆ, ಗಾಳಿ ಕಿಂಡಿ ಮುಚ್ಚಬೇಡಿ.

18ನೆಯ ದಿನ ಹೊರಳಿಸುವುದು ನಿಲ್ಲಿಸಿ, ತೇವಾಂಶವನ್ನು ಶೇ 65ರಿಂದ 70ಕ್ಕೆ ಏರಿಸಿ. ಆಮೇಲೆ ಮುಚ್ಚಳ ಮುಟ್ಟಬಾರದು. ನನ್ನ ಮೊದಲ ಸಲ 20ನೆಯ ದಿನ ಕೊಕ್ಕಿನ ಸದ್ದು ಕೇಳಿ ತಡೆಯಲಾರದೆ ನಾಲ್ಕು ಬಾರಿ ತೆರೆದು ನೋಡಿದೆ. ಒಳಗಿನ ಹಬೆಯೆಲ್ಲ ಹೊರಬಿತ್ತು. ಏಳು ಮರಿ ಚಿಪ್ಪು ಕೊರೆದು, ಪೊರೆಗೆ ಅಂಟಿಕೊಂಡು ಹಾಗೆಯೇ ಸತ್ತವು. ಚಿಪ್ಪಿನಲ್ಲಿ ತೂತು ಬಿದ್ದ ಮೇಲೆ ಹನ್ನೆರಡು ಗಂಟೆ ಕಾಯುವುದು, ಕೆಲವೊಮ್ಮೆ ಇಡೀ ದಿನ ಕಾಯುವುದು ಸಹಜವೇ.

21ನೆಯ ದಿನ ಹೊರಬಂದ ಮರಿಗೆ ಕೂಡಲೇ ಮೇವು ಬೇಕಿಲ್ಲ, ಹೊಟ್ಟೆಯೊಳಗೆ ಉಳಿದ ಹಳದಿ ಒಂದು ದಿನಕ್ಕೆ ಧಾರಾಳ. ಪುಕ್ಕ ಆರಿದ ಮೇಲೆ ಭತ್ತದ ಹೊಟ್ಟು ಹಾಸಿದ ಜಾಗಕ್ಕೆ ಬಿಟ್ಟು ಬಲ್ಬು ತೂಗುಹಾಕಿ. ಮೊದಲ ವಾರ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಕೂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ.

ಮೊದಲ ವಾರದೊಳಗೆ ರಾಣಿಖೇತ್ ರೋಗದ ಲಸೋಟಾ ಲಸಿಕೆಯನ್ನು ಕಣ್ಣಿಗೆ ಒಂದು ಹನಿ ಬಿಡಬೇಕು. ಸೀಸೆ ಸಣ್ಣದೆಂದರೂ ನೂರು ಮರಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಖರ್ಚಾಗಬೇಕು. ಆದ್ದರಿಂದ ಓಣಿಯ ಮೂರು ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ದಿನ ಪೆಟ್ಟಿಗೆಗೆ ತತ್ತಿ ಇಟ್ಟರೆ ಒಂದು ಸೀಸೆ ಎಲ್ಲರಿಗೂ ಆಗುತ್ತದೆ.