ಕಪ್ಪೆ ಅರಭಟ್ಟನ ತ್ರಿಪದಿ ಹಾಡಿದ್ದು: ನನ್ನ ಅನುಭವ

ಕಪ್ಪೆ ಅರಭಟ್ಟ ಅನ್ನುವ ವೀರನನ್ನು ಹೊಗಳುವ ಬಾದಾಮಿಯ ಶಾಸನ ಸುಮಾರು 700ನೇ ಇಸವಿಯದು. ಅದರ ತ್ರಿಪದಿಗಳನ್ನು, ಅಂದರೆ ಮೂರು ಸಾಲಿನ ಪದ್ಯಗಳನ್ನು, ಹಳೇ ಸ್ವರದಲ್ಲಿ ಹಾಡುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. "ಕಲ್ಲಿನ ಮೇಲೆ ಅಕ್ಷರ ಇದೆ ಮಾರಾಯ, ಸ್ವರ ಎಲ್ಲಿದೆ?" ಈಗ ಅವರೇ ರೆಕಾರ್ಡಿಂಗ್ ಕಳಿಸು ಅನ್ನುತ್ತಿದ್ದಾರೆ.

ಮೊದಲು ಕೈಕೊಟ್ಟದ್ದನ್ನು ಹೇಳುತ್ತೇನೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಸಾಲನ್ನು ಗಣಗಳಾಗಿ (ಅಕ್ಷರಗಳ ಗುಂಪುಗಳಾಗಿ) ಒಡೆದು ಮಾತ್ರೆ ಎಣಿಸಿದರೆ 4, 5, 5, 6 ಬರುತ್ತದೆ. ಆದಿತಾಳಕ್ಕೂ ಬಗ್ಗಲಿಲ್ಲ, ಖಂಡಛಾಪಿಗೂ ಬಗ್ಗಲಿಲ್ಲ, ಹಟ ಹಿಡಿದು ಕೂರಿಸಿದರೆ ಭಾವಗೀತೆ ಆಗಿಬಿಡುತ್ತಿತ್ತು. ಆಮೇಲೆ ವಾದ್ಯದ ಹುಚ್ಚು. ಏಕತಂತ್ರಿ ವೀಣೆ ಮಾಡಿಸಿದೆ. ಹತ್ತಿರ ಹತ್ತಿರ 20 ಸಾವಿರ ಹೋಯಿತು, ಮಳೆಗಾಲ ಬಂದದ್ದೇ ದಂಡಿ ಸೊಟ್ಟಗಾಯಿತು. ತಮಿಳುನಾಡಿನ ಕುಡುಮಿಯಾನ್‌ಮಲೈಯಲ್ಲಿ ಕಲ್ಲಿನ ಮೇಲೆ ಸ್ವರಗಳನ್ನೇ ಕೆತ್ತಿದ ಹಳೇ ಶಾಸನವಿದೆ, ಅದರ ಸ್ವರಗಳನ್ನೂ ತಂದು ನೋಡಿದೆ. ಅವು ನಾಲ್ಕು ನಾಲ್ಕರ ಗುಂಪು, ನಮ್ಮ ಗಣಕ್ಕೆ ಹೆಚ್ಚಾಗಿ ಮೂರೇ ಅಂಶ, ಅಂದರೆ ಮೂರೇ ತುಣುಕು. ಎಲ್ಲಿಂದ ಕೂರಬೇಕು?

ದಾರಿ ತೋರಿಸಿದ್ದು ಬೀಸುವ ಪದ. ಕಲ್ಲು ತಿರುಗಿಸುತ್ತಾ ಹಾಡುವವರು ಮಾತ್ರೆ ಎಣಿಸುವುದಿಲ್ಲ, ಅಲ್ವಾ? ಗಿಡ್ಡ ಅಕ್ಷರವನ್ನು ಎಳೆಯುತ್ತಾರೆ, ಉದ್ದದ್ದನ್ನು ನುಂಗುತ್ತಾರೆ. ನಾನೂ ಹಾಗೇ ಪ್ರತಿ ವಿಷ್ಣುಗಣಕ್ಕೆ, ಅಂದರೆ ಮೂರು ಅಂಶದ ಗಣಕ್ಕೆ, ಮೂರು ಸಮ ಪೆಟ್ಟು ಕೊಟ್ಟೆ. ಪದ್ಯದ 6 ಮತ್ತು 10ನೇ ಗಣಗಳು ಮಾತ್ರ ಬ್ರಹ್ಮಗಣ, ಅಂದರೆ ಮುಂದಿನ ಸಾಲುಗಳ "ಕಲಿಗೆ" ಮತ್ತು "ನೀತನ್". ಅಲ್ಲಿ ಎರಡೇ ಅಂಶ. ಉಳಿಯುವ ಮೂರನೇ ಪೆಟ್ಟಿಗೆ ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸ್ವರಕ್ಕೆ ಸಾಮಗಾನ, ಅಂದರೆ ಸಾಮವೇದದ ಹಾಡಿಕೆ, ಹಿಡಿದೆ. ಸಾಮದ ಪ್ರಥಮ ಸ್ವರವೇ ಕೊಳಲಿನ ಮಧ್ಯಮ ಅಂತ ನಾರದೀಯ ಶಿಕ್ಷೆ ಅನ್ನುವ ಹಳೇ ಗ್ರಂಥ ಹೇಳುತ್ತದೆ, ಅಲ್ಲಿಂದ ಮ ಗ ರಿ ಸ ಅಂತ ಕೆಳಗಿಳಿಯುವುದು. "ಯಜ್ಞದ ಗಾನಕ್ಕೂ ವೀರನ ಹೊಗಳಿಕೆಗೂ ಏನು ಸಂಬಂಧ?" ಅಂತ ಸಂಗೀತದ ಮೇಷ್ಟ್ರೊಬ್ಬರು ಜೋರಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನಾನು ತೆಗೆದುಕೊಂಡದ್ದು ಆ ಇಳಿಯುವ ನಡೆಯನ್ನು ಮಾತ್ರ. ಮಂತ್ರದ ಧಾಟಿಯನ್ನು ಮುಟ್ಟಿಲ್ಲ. ಪ್ರತಿ ಸಾಲನ್ನೂ ಮಧ್ಯಮದಿಂದ ಎತ್ತಿ ಷಡ್ಜಕ್ಕೆ ಬಿಟ್ಟೆ, ಎರಡನೇ ಸಾಲನ್ನು ಬೀಸುವ ಪದದ ಹಾಗೆ ಇನ್ನೊಮ್ಮೆ ಹೇಳಿದೆ. ಅಷ್ಟಕ್ಕೇ ಹಾಡು ಎದ್ದು ನಿಂತಿತು.

ಸುಮ್ನೆ ಕುತೂಹಲಕ್ಕೆ ಕವಿರಾಜಮಾರ್ಗದ ಒಂದು ಕಂದಪದ್ಯವನ್ನೂ ಇದೇ ಸ್ವರದಲ್ಲಿ ಹೇಳಿ ನೋಡಿದೆ. ಕಂದದಲ್ಲಿ ಎಲ್ಲ ಗಣವೂ ನಾಲ್ಕು ಮಾತ್ರೆ, ಒಂದು ಸಾಲಿಗೆ ಮೂರು ಗಣ, ಮುಂದಿನ ಸಾಲಿಗೆ ಐದು, ಮತ್ತೆ ಹಾಗೇ. ತಾಳಕ್ಕೇನೋ ಸಲೀಸಾಗಿ ಕೂತಿತು, ಆದರೆ ಅದು ಓದುವ ಪದ್ಯ. ಹಾಡಲು ಜಾಗವೇ ಕೊಡುವುದಿಲ್ಲ.

ನನಗೇ ನಂಬಿಕೆ ಬಂದದ್ದು ಅದೇ ಶಾಸನದ "ಕಟ್ಟಿದ ಸಿಂಘಮನ್" ತ್ರಿಪದಿಯಿಂದ. ಮೊದಲನೆಯದರ ಧಾಟಿಯನ್ನು ಒಂದು ಸ್ವರವೂ ಬದಲಿಸದೆ ಹಾಕಿದೆ, ಹಾಗೇ ಕೂತಿತು. ಅದರಲ್ಲೂ 6ನೇ ಗಣ "ಕಲಿಗೆ"! ಮೇಷ್ಟ್ರು ಆವತ್ತು ಬೆರಳು ಮಡಚಿ ಮಡಚಿ ಎಣಿಸಿದರು, ಜಾಸ್ತಿ ಮಾತಾಡಲಿಲ್ಲ.

ಅದೇ ಶಾಸನದ "ಒಳ್ಳಿತ್ತ ಕೆಯ್ವೊರ್" ತ್ರಿಪದಿ ಇನ್ನೂ ಬಾಕಿ ಇದೆ. ವೀಣೆಗೆ ಮತ್ತೆ ದುಡ್ಡು ಸುರಿಯುವುದಿಲ್ಲ, ಶ್ರುತಿಗೆ 300 ರೂಪಾಯಿಯ ಬಿದಿರ ಕೊಳಲೇ ಸಾಕು.